ಜೊತೆಯಾಟಗಾರ್ತಿ

ಹನ್ನೆರಡನೆಯ ಹೆಸರನ್ನೂ ಓದಿ ಮುಗಿಸಿ ಕೋಚ್ ಪ್ರಸನ್ನ ಹಾಳೆ ಮಡಚಿದರು. ಕುಸುಮಳ ಹೆಸರಿತ್ತು. ಅವಳ ತಂಗಿ ಗಗನಳದ್ದು ಇರಲಿಲ್ಲ.

ಮಂಡ್ಯದ ಸ್ಟೇಡಿಯಮ್ಮಿನಲ್ಲಿ ಬೆಳಗ್ಗೆಯಿಂದ ನಡೆದದ್ದು ರಾಂಚಿಯ ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಕ್ಕೆ ರಾಜ್ಯ ತಂಡದ ಹುಡುಗಿಯರ ಆಯ್ಕೆ. ಬುದ್ಧಿಯ ಬೆಳವಣಿಗೆ ನಿಧಾನವಾದ ಆರು ಮಂದಿ, ಅವರಿಗೆ ಅಂಥ ತೊಂದರೆಯಿಲ್ಲದ ಜೊತೆಯಾಟಗಾರ್ತಿಯರು ಆರು ಮಂದಿ, ಎಲ್ಲ ಸೇರಿ ಒಂದು ತಂಡ. ಕುಸುಮಳಿಗೆ ಇಪ್ಪತ್ತೆರಡು, ಮಾತು ತಡ, ಕಾಲು ಚುರುಕು. ಮೂರು ವರ್ಷದ ಹಿಂದೆ ಅವಳನ್ನು ಮೈದಾನಕ್ಕೆ ಬಿಟ್ಟುಹೋಗಲು ಬಂದಿದ್ದ ಗಗನ, ಅಕ್ಕ ಒಬ್ಬಳೇ ಒಳಗೆ ಹೋಗಲು ಒಪ್ಪದ್ದರಿಂದ ಚಪ್ಪಲಿ ಬಿಟ್ಟು ತಾನೂ ಇಳಿದಿದ್ದಳು. ಆಮೇಲೆ ಭಾನುವಾರ ಯಾವಾಗ ಬಂದೀತೆಂದು ಅಕ್ಕನಿಗಿಂತ ಹೆಚ್ಚು ಕಾಯುತ್ತಿದ್ದವಳು ಅವಳೇ.

"ನಾನ್ ಚೆನ್ನಾಗಿ ಆಡ್ಲಿಲ್ವಾ ಸಾರ್?"

"ಚೆನ್ನಾಗೇ ಆಡ್ತೀಯಮ್ಮ," ಎಂದರು ಪ್ರಸನ್ನ. ಭಾನುವಾರ ತಪ್ಪದೆ ಮಳವಳ್ಳಿಯಿಂದ ಬಂದು ಕಲಿಸುತ್ತಿದ್ದ ಅವರಿಗೂ ಹೇಳುವುದು ಕಷ್ಟವಾಯಿತು. "ಆದ್ರೆ ಬಾಲು ಸಿಕ್ಕಿದಾಗೆಲ್ಲ ಕುಸುಮಂಗೇ ಕೊಡ್ತೀಯ. ಮಿಕ್ಕ ಐದು ಜನ ಕೈ ಎತ್ಕೊಂಡು ನಿಂತಿರ್ತಾರೆ. ಅವರನ್ನ ನೀನು ಒಂದ್ಸಲಾನೂ ನೋಡ್ಲಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು.

ಸಂಜೆ ಮದ್ದೂರಿನ ಮನೆಗೆ, ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ದಣಿದು ಬಂದ ತಾಯಿ ಪಟ್ಟಲಮ್ಮ ಒಪ್ಪಿಗೆಯ ಪತ್ರವನ್ನು ಕೈಯಲ್ಲಿ ಹಿಡಿದು ಕೂತಳು. "ಒಂದಿನಾನೂ ನಿನ್ನ ಬುಟ್ಟು ಮಲಗಿದೋಳಲ್ಲ ಇವ್ಳು. ಅಷ್ಟು ದೂರ, ಗುರ್ತಿಲ್ದೋರ್ ಮಧ್ಯೆ ಇರ್ತಾಳಾ? ನೀನೇ ಏಳು. ಆಗಕಿಲ್ಲ ಅಂದ್ರೆ ಬುಡು, ಸೈನ್ ಆಕಾಕಿಲ್ಲ."

'ಇರಲ್ಲ' ಎಂಬ ಒಂದು ಮಾತು ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಗಗನ ಬಾಗಿಲ ಕಡೆ ನೋಡಿದಳು. ಒಳಗೆ ಕುಸುಮ ಹೊಸ ಜರ್ಸಿಯನ್ನು ಹಿಂದುಮುಂದಾಗಿ ತೊಟ್ಟು, ಎದೆಯ ಮೇಲೆ ಬಂದಿದ್ದ ನಂಬರನ್ನು ಕನ್ನಡಿಯಲ್ಲಿ ನೋಡಿಕೊಂಡು ನಗುತ್ತಿದ್ದಳು.

"ಇರ್ತಾಳೆ ಕಣಮ್ಮ. ಸೈನ್ ಆಕು."

ಮದ್ದೂರು ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಕುಸುಮ ತಂಗಿಯ ಕೈ ಬಿಡಲಿಲ್ಲ. "ನೀನೂ ಬಾ."

"ನಂಗೆ ಕಾಲೇಜದೆ ಕಣಕ್ಕ."

ಅಕ್ಕ ಅತ್ತರೆ ಏನು ಹೇಳಬೇಕೆಂದು ಗಗನ ಹಿಂದಿನ ದಿನದಿಂದ ಯೋಚಿಸಿ ಇಟ್ಟುಕೊಂಡಿದ್ದಳು. ಅದು ಬೇಕಾಗಲಿಲ್ಲ. ರೈಲು ಕದಲಿದಾಗ ಕುಸುಮ ಪಕ್ಕದ ಹುಡುಗಿಗೆ ಹಲ್ಲಿನಿಂದ ಬಿಸ್ಕತ್ತಿನ ಪೊಟ್ಟಣ ಹರಿದುಕೊಡುತ್ತಿದ್ದಳು. ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ಗಗನ ಕಿಟಕಿಯ ಜೊತೆ ಓಡಿದಳು. ಕುಸುಮ ನೋಡಲಿಲ್ಲ.

ನಾಲ್ಕನೆಯ ದಿನ, ಕಾಲೇಜು ಮುಗಿಸಿ ಮಂಡ್ಯದಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಗನ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಪಂದ್ಯ ನೋಡುತ್ತಿದ್ದಳು. ಚಿತ್ರ ನಿಂತು ನಿಂತು ಬರುತ್ತಿತ್ತು. ತನ್ನ ಬದಲಿಗೆ ಆಯ್ಕೆಯಾಗಿದ್ದ ಬೆಳಗಾವಿಯ ಶಶಿರೇಖಾ ಬಾಲನ್ನು ಎಡಕ್ಕೆ ಕೊಟ್ಟಳು, ಹಿಂದಕ್ಕೆ ಕೊಟ್ಟಳು, ಎಲ್ಲರಿಗೂ ಕೊಟ್ಟಳು. ಬಲಗಡೆ ಗೆರೆಯಂಚಿನಲ್ಲಿ ಕುಸುಮ ಒಬ್ಬಳೇ ಓಡುತ್ತಿದ್ದಳು. ಬಸ್ಸು ಗೆಜ್ಜಲಗೆರೆ ತಲುಪುವಾಗ ಬಾಲು ಮತ್ತೆ ಶಶಿರೇಖಾಳ ಕಾಲಿಗೆ ಬಂತು.

"ಗಗನಾ!" ಕುಸುಮ ಕೈಯೆತ್ತಿ ಕೂಗಿದಳು. "ಗಗನಾ, ಇಲ್ಲಿ!"

ನಾಲ್ಕು ದಿನದಿಂದ ಅದೇ ತನ್ನ ಹೆಸರೆಂಬಂತೆ ಶಶಿರೇಖಾ ಸರಕ್ಕನೆ ಆ ಕಡೆ ತಿರುಗಿದಳು.

ಬಸ್ಸಿನಲ್ಲಿ ಗಗನಳ ಬಲಗಾಲು ತಾನಾಗಿ ಮುಂದೆ ಹೋಗಿ, ಎದುರು ನಿಂತಿದ್ದ ಹೆಂಗಸಿನ ಚೀಲಕ್ಕೆ ಬಡಿಯಿತು.

"ಯಾಕವ್ವಾ, ಒದೀತೀಯಾ?" ಎಂದಳು ಆಕೆ.