ಒಂಬತ್ತು ಟವೆಲ್

ಕಾಯಂ ನೌಕರಿಯ ಕಾಗದಕ್ಕೆ ಸಹಿ ಹಾಕಲು ಲಾಂಡ್ರಿಯ ಮುಖ್ಯಸ್ಥೆ ಡೋನಾ ಸೆಲೆಸ್ಟ್ ಪೆನ್ನು ಊರುವಷ್ಟರಲ್ಲಿ ಅಡೆಲಿನೊ ಬಾಯಿಬಿಟ್ಟ. ಪೋರ್ಚುಗಲ್ಲಿನ ಬ್ರಾಗಾ ನಗರದ ಆ ಹೋಟೆಲಿನ ಲಾಂಡ್ರಿಯಲ್ಲಿ ಅವನ ಆರು ತಿಂಗಳ ಪರೀಕ್ಷಾ ಅವಧಿ ಅಂದಿಗೆ ಮುಗಿದಿತ್ತು. ಮೂವತ್ತನಾಲ್ಕನೆಯ ವಯಸ್ಸಿಗೆ ಸಿಕ್ಕ ಮೊದಲ ಕೆಲಸ. "ಒಂದು ತಪ್ಪೂ ಇಲ್ವಲ್ಲಪ್ಪಾ, ನಮ್ಮ ಹಳಬರೇ ನಿನ್ನಿಂದ ಕಲೀಬೇಕು," ಎಂದು ಸೆಲೆಸ್ಟ್ ಆಗಷ್ಟೇ ಹೊಗಳಿದ್ದರು.

"ಈ ಅಟ್ಟೀಲಿ ಒಂಬತ್ತು ಟವೆಲ್ ಗ್ರಾಸಾ ಮಡಿಸಿದ್ದು," ಎಂದ ಅಡೆಲಿನೊ, ಮೇಜಿನ ಮೇಲೆ ಮಡಿಸಿಟ್ಟ ಟವೆಲ್‌ಗಳ ಅಟ್ಟಿ ತೋರಿಸಿ. "ನಾನು ಕಾಫಿಗೆ ಹೋದಾಗ ದಿನಾ ನಂದನ್ನ ಬಿಚ್ಚಿ ಮತ್ತೆ ಮಡಿಸ್ತಾರೆ. ಕಾಫಿ ರೂಮಿನ ಕಿಟಕಿಯಿಂದ ಕಾಣುತ್ತೆ."

ಪಕ್ಕದಲ್ಲೇ ನಿಂತಿದ್ದ ಗ್ರಾಸಾಳ ಮುಖ ಕೆಂಪಾಯಿತು. ಅವನಂತೆ ಆಟಿಸಂ ಇರುವವರಿಗೆ ಕೆಲಸ ಕಲಿಸಿ, ಅವರು ಅಲ್ಲೇ ನೆಲೆನಿಲ್ಲುವಂತೆ ಮಾಡುವುದು ಅವಳ ಉದ್ಯೋಗ.

ಸೆಲೆಸ್ಟ್ ಪೆನ್ನು ಮುಚ್ಚಿದರು. "ಏನಮ್ಮಾ ಇದು? ನಾನು ಕೆಲಸಕ್ಕೆ ತಗೋತಾ ಇರೋದು ಇವನನ್ನೋ, ನಿನ್ನನ್ನೋ?"

ಗ್ರಾಸಾ ಅವನತ್ತ ತಿರುಗಿದಳು. "ನಿನ್ನ ಕೆಲಸ ಹೋಗ್ಬಾರ್ದು ಅಂತ ಮಾಡ್ದೆ, ಅಡೆಲಿನೊ."

ಅವನು ಅಟ್ಟಿಯಿಂದ ಒಂದು ಟವೆಲ್ ಎಳೆದು, ಬಿಚ್ಚಿ, ಅವಳ ಮುಂದೆ ಹರಡಿದ. "ನಾನು ಎಲ್ಲಿ ತಪ್ತೀನಿ ಅಂತ ಒಂದು ದಿನಾನೂ ನಂಗೆ ಹೇಳ್ಲಿಲ್ಲ ನೀವು."