ತೊಟ್ಟಿಲಿನ ಮರದ ಗಿಳಿ

ಅಗಸೆ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಕಂಪ್ಲಿಯ ಅಜ್ಜನ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಎರಡನೇ ಸಲ ಬಸುರಿಯಾಗಿದ್ದ ಚಿಕ್ಕಮ್ಮ, ತೊಟ್ಟಿಲಿಗೆ ಕಟ್ಟುವ ಹಳೆಯ ಮರದ ಗಿಳಿಯನ್ನು ಅಜ್ಜನ ಮುಂದೆ ತಂದಿಟ್ಟಳು. ಅವಳ ಮೊದಲ ಮಗುವಿಗೆಂದು ಅಜ್ಜನೇ ಅದನ್ನು ಕೆತ್ತಿದ್ದ. ಆ ಮಗು ವರ್ಷ ತುಂಬುವ ಮೊದಲೇ ಜ್ವರದಲ್ಲಿ ತೀರಿಕೊಂಡಿತ್ತು. ರೆಕ್ಕೆಯ ಅಂಚಿನಲ್ಲಿ ಅದರ ಹಲ್ಲಿನ ಗುರುತುಗಳು ನನ್ನ ಉಗುರಿಗೆ ತಾಗುವಷ್ಟು ಆಳವಾಗಿದ್ದವು.

“ಹೋದ ಕೂಸಿಂದು ಯಾಕ? ಬ್ಯಾರೆ ಕೆತ್ರಿ,” ಎಂದಳು ಅಜ್ಜಿ. ಚಿಕ್ಕಮ್ಮ ಒಪ್ಪಲಿಲ್ಲ. ಅಜ್ಜಿ ಗೊಣಗಿದಳು: “ಅಪ್ಪನಂಗ ಮೊಂಡಿ ಅದಾಳ. ವಾರ್ನಿಶ್ ಆದರೂ ಬಳೀರಿ, ಹೊಸಾದರಂಗ ಕಾಣ್ಲಿ.”

“ಕೂಸು ಬಾಯಾಗ ಇಟ್ಕೊಂತೈತಿ. ವಾರ್ನಿಶ್ ಬ್ಯಾಡ, ಎಣ್ಣಿ ಹಚ್ಚತೀನಿ,” ಎಂದ ಅಜ್ಜ.

ಎಣ್ಣೆಗೆ ಮೊದಲು ಮರವನ್ನು ನುಣುಪು ಮಾಡಬೇಕು. ಅಜ್ಜ ಉಸುಕಿನ ಕಾಗದದಿಂದ ಕೊಕ್ಕು, ಕುತ್ತಿಗೆ ತಿಕ್ಕಿ ರೆಕ್ಕೆಗೆ ಬಂದಾಗ ಚಿಕ್ಕಮ್ಮ ಅವನ ಕೈ ಹಿಡಿದಳು.

“ಅಲ್ಲಿ ತಿಕ್ಕಬ್ಯಾಡಪ್ಪಾ.”

“ಎಣ್ಣಿ ಕುಡದ್ರ ಆ ಗುರುತು ಇನ್ನೂ ಕರ್ರಗ ಕಾಣ್ತಾವ, ನೋಡವ್ವ.”

“ಕಾಣ್ಲಿ.”

ಅಜ್ಜ ಕಾಗದವನ್ನು ಮಡಚಿಟ್ಟು, ಎಣ್ಣೆಯಲ್ಲಿ ಅದ್ದಿದ ಅರಿವೆಯನ್ನು ಅವಳ ಕೈಗೇ ಕೊಟ್ಟ. ಅಜ್ಜಿ ಹತ್ತಿರ ಸರಿದು, ಗಿಳಿ ಜಾರದಂತೆ ಎರಡೂ ಕೈಯಿಂದ ಹಿಡಿದುಕೊಂಡು ಕುಳಿತಳು.