ಹಳದಿ ದಾರಿ

“ಚೆನ್ನಾಗಿದೆ ಅಂತ ಸುಮ್ಸುಮ್ನೆ ಹೇಳ್ಬೇಡ,” ಎಂದರು ಮನೋಹರ್. “ನನ್ನ ಮುಖ ನೋಡಿ ಸುಳ್ಳು ಹೇಳಿದ್ರೆ ನಾಳೆ ಇನ್ಯಾರೋ ಬೀಳ್ತಾರೆ.”

ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದ ಇಂಚರಾ ತಲೆಯಾಡಿಸಿದಳು. ಅವಳಿಗೆ ಗೋಡೆ ಹತ್ತಲು ಕಲಿಸಿದವರೇ ಅವರು. ಬಳೇಪೇಟೆಯ ಹಳೆಯ ಗೋಡೌನಿನೊಳಗೆ ಸೂರಿನವರೆಗೂ ಎದ್ದ ಆ ಹಲಗೆ ಗೋಡೆಗೆ ಬಣ್ಣದ ಹಿಡಿಗಳನ್ನು ಕೂರಿಸಿ ಹತ್ತುವ ದಾರಿ ಕಟ್ಟುವುದು ಮನೋಹರ್ ಕೆಲಸ. ಕಟ್ಟಿದವರೇ ಮೊದಲು ಹತ್ತಿ ನೋಡಬೇಕು, ಆಮೇಲಷ್ಟೇ ಉಳಿದವರು ಎಂಬುದು ಅಲ್ಲಿನ ಕಟ್ಟುಪಾಡು. ಆದರೆ ಸ್ಕೂಟರಿನಿಂದ ಬಿದ್ದ ಮೇಲೆ ಅವರ ಬಲಗೈ ಭುಜದಿಂದ ಸುಮ್ಮನೆ ಜೋತಾಡುತ್ತಿತ್ತು. ಈ ಸಲ ಸ್ಟೂಲಿನ ಮೇಲೆ ಕೂತು, ಬಿದಿರುಕೋಲಿನಿಂದ ‘ಅಲ್ಲಿ, ಇನ್ನೊಂಚೂರು ಕೆಳಗೆ’ ಎಂದು ತೋರಿಸಿದ್ದರು. ಏಣಿ ಹತ್ತಿ ಹಳದಿ ಹಿಡಿಗಳನ್ನು ಬಿಗಿದದ್ದು ಮಾಲೀಕ ನಾಗಭೂಷಣ್.

“ಇದು ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರನ್ನ ಕರೀಬೇಕಾಗತ್ತಮ್ಮ,” ಎಂದರು ನಾಗಭೂಷಣ್, ಹಗ್ಗದ ಇನ್ನೊಂದು ತುದಿ ಹಿಡಿದು. ಅವರ ಮಾತು ಯಾವಾಗಲೂ ಕಡ್ಡಿ ಮುರಿದ ಹಾಗೆ. “ಮೇಲೆ ಎಡಗಡೆ ಒಂದು ಚಿಕ್ಕ ಹಿಡಿ ಹಾಕ್ಸಿದಾನೆ ನೋಡು. ಅಲ್ಲಿಗೆ ಯಾರ ಕಾಲೂ ಹೋಗಲ್ಲ. ಬೇಡ ಅಂದ್ರೂ ಕೇಳ್ಲಿಲ್ಲ.”

ಮನೋಹರ್ ಹಿಂದೆ ಹೋಗಿ ಸ್ಟೂಲಿನ ಮೇಲೆ ಕೂತರು.

ಕೈ ಜಾರದಿರಲೆಂದು ಅಂಗೈಗೆ ಬಿಳಿ ಪುಡಿ ಉಜ್ಜಿಕೊಂಡು ಇಂಚರಾ ನೆಲ ಬಿಟ್ಟಳು. ಅವಳಿಗಿದ್ದದ್ದು ಬೀಳುವ ಭಯವಲ್ಲ, ಇಳಿದು ಬಂದು ಅವರಿಗೆ ಏನು ಹೇಳಬೇಕಾಗುತ್ತದೋ ಎಂಬ ಭಯ. ನಾಲ್ಕು ಹಿಡಿ ದಾಟುವಷ್ಟರಲ್ಲಿ ಅದು ಎಲ್ಲಿ ಹೋಯಿತೋ! ಕೈಗೆ ಎಲ್ಲಿ ಬೇಕೆನ್ನಿಸಿತೋ ಅಲ್ಲೇ ಹಿಡಿ ಇತ್ತು. ಕೈಗುಣವಿರುವವರು ಬಡಿಸುವಾಗ ಕೇಳುವ ಮೊದಲೇ ಬೇಕಾದದ್ದು ಎಲೆಗೆ ಬೀಳುತ್ತದಲ್ಲ, ಹಾಗೆ. ಮೈ ಹಗುರಾಗಿ, ಒಂದೇ ಉಸಿರಿನಲ್ಲೆಂಬಂತೆ ಮೇಲೇರಿತು.

ಗೋಡೆ ಮುಂದಕ್ಕೆ ಬಾಗಿದ ಕಡೆ ತಡೆಯಿತು. ಬಲಗೈಗೆ ಬೇಕಾದ ಹಿಡಿ ಗೇಣು ದೂರ. ಚಾಚಿದಳು, ಸಿಗಲಿಲ್ಲ. ಮತ್ತೆ ಚಾಚಿದಳು. ಮುಂಗೈ ಉರಿಯತೊಡಗಿತು. ಮನೋಹರ್ ಸರ್ ಕೆಲಸ ಹೋಯಿತು ಎಂದುಕೊಂಡಳು. ಆಗ ಅವಳ ಬಲಗಾಲು ತಾನಾಗಿಯೇ ಅಡ್ಡ ಹಾಯ್ದು ಎಡಗಡೆಯ ಆ ಚಿಕ್ಕ ಹಿಡಿಯ ಮೇಲೆ ಕೂತಿತು. ಸೊಂಟ ಗೋಡೆಯತ್ತ ತಿರುಗಿತು. ದೂರವಿದ್ದದ್ದು ಅಂಗೈಯೊಳಗೆ ಬಂತು. ಇಂಚರಾ ಗಟ್ಟಿಯಾಗಿ ನಕ್ಕುಬಿಟ್ಟಳು. ಅಂಥ ಸಂತೋಷ ಅವಳಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಕೆಳಗಿಳಿದಾಗ ನಾಗಭೂಷಣ್ ಕೇಳಿದರು, “ಏನಂತೀಯ?”

“ಇನ್ನೊಂದ್ಸಲ ಹತ್ಲಾ ಸರ್?”

ನಾಗಭೂಷಣ್ ಆ ಚಿಕ್ಕ ಹಿಡಿಯನ್ನೇ ಸ್ವಲ್ಪ ಹೊತ್ತು ನೋಡಿದರು. “ನಾಳೆಯಿಂದ ಎಲ್ಲರಿಗೂ ಬಿಡೋಣ,” ಎಂದರು. “ಮುಂದಿನ ದಾರೀನೂ ಅವನೇ ಕಟ್ಲಿ.”

ಇಂಚರಾ ಸ್ಟೂಲಿನತ್ತ ಓಡಿದಳು. ಮನೋಹರ್ ಕಣ್ಣು ಮುಚ್ಚಿ ಕೂತಿದ್ದರು. ಚಪ್ಪಲಿ ಬಿಟ್ಟಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು.

“ಆ ತಿರುವು ಸಿಕ್ತಾ?” ಎಂದರು, ಏದುಸಿರು ಬಿಡುತ್ತಾ.

“ಸಿಕ್ತು ಸರ್.”

ಕೈ ಹಿಡಿದುಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ಅವರ ಎಡ ಅಂಗೈ ತುಂಬ ಬಿಳಿ ಪುಡಿ. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದ ಬಲಗೈಗೂ ಅವರು ಒಂದು ಬೆರಳೂ ಬಿಡದೆ ಉಜ್ಜಿದ್ದರು.